ಉತ್ತರಕ್ಕೆ ಹೈವೇ ತನಕ

ಕಾರಿನ ಬ್ರೇಕು ಸರಿಯಾಗಿಯೇ ಇತ್ತು. ಇಬ್ಬರು ಮೆಕ್ಯಾನಿಕರು ಹಾಗಂತ ಹೇಳಿಯೂ ಆಗಿತ್ತು. ಆದರೂ ಮೂರನೆಯವನ ಬಾಯಿಂದ ಒಮ್ಮೆ ಕೇಳಿಬಿಡೋಣವೆಂದು ಹೋದ ಮಳೆಗಾಲದಲ್ಲಿ ಬೆಳಗಾವಿಯ ಆಟೋ ನಗರಕ್ಕೆ ಹೋದೆ. ಐವತ್ತು ದಾಟಿದ ಮೇಲೆ ನನ್ನ ದೇಹದಲ್ಲಿ ಒಂದು ದಿನವೂ ರಜೆ ಹಾಕದೆ ಕೆಲಸ ಮಾಡುತ್ತಿರುವುದು ಚಿಂತೆ ಒಂದೇ. ಮೂರನೆಯವನು ಕಾರಿನಡಿಯಿಂದ ಹೊರಬಂದು ಕೈ ಒರೆಸಿಕೊಳ್ಳುತ್ತ, "ಬ್ರೇಕ್ ಛಲೋ ಅದಾವ್ರಿ ಸಾಹೇಬ್ರ. ನಿಮ್ಮ ಕಾಲರೆ ಒಮ್ಮೆ ಯಾರಿಗಾದ್ರೂ ತೋರಸ್ರಿ, ಸುಮ್ಸುಮ್ಕ ತುಳಿಯೂ ಚಟ ಹತ್ತೇತಿ ಅದಕ್ಕ" ಅಂದ.

ನಗಲು ಹೊರಟವನಿಗೆ ಪಕ್ಕದ ಶೆಡ್ಡಿನಿಂದ ವಾಸನೆ ಬಂತು. ಟ್ರಕ್ಕಿಗೆ ಬಾಡಿ ಕಟ್ಟುವ ಶೆಡ್ಡು ಅದು. ಮಳೆಗೆ ನೆಂದ ಮರದ ಹೊಟ್ಟು, ಎನಾಮೆಲ್ ಬಣ್ಣ, ಟರ್ಪೆಂಟೈನು. ನಗೆ ಅಲ್ಲೇ ನಿಂತಿತು. ಹಳೆಯ ಟೈರೊಂದರ ಮೇಲೆ ಕೂತುಬಿಟ್ಟೆ. ನನಗೇನೋ ಆಯಿತೆಂದು ಮೆಕ್ಯಾನಿಕ್ ಓಡಿಹೋಗಿ ನೀರು ತಂದ. ಏನೂ ಆಗಿರಲಿಲ್ಲ. ತಾತ್ಯಾ ನೆನಪಾಗಿದ್ದರು, ಅಷ್ಟೆ.

ಎರಡು ಸಾವಿರದ ಇಸವಿಯಲ್ಲಿ ನಾನು ಖಾನಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಎಂಜಿನಿಯರು ಪೆನ್ಸಿಲ್ಲಿನಲ್ಲಿ ಬರೆದ ರಸ್ತೆ, ಸೇತುವೆ, ಮೋರಿಗಳ ನಕಾಶೆಯ ಮೇಲೆ ಪಾರದರ್ಶಕ ಹಾಳೆ ಹಾಸಿ ಕಪ್ಪು ಶಾಯಿಯಲ್ಲಿ ತಿದ್ದುವುದು ನನ್ನ ಕೆಲಸ. ಬೇರೆಯವರು ಎಳೆದ ಗೆರೆಯ ಮೇಲೆ ಗೆರೆ ಎಳೆಯಬೇಕು, ಸ್ವಂತದ್ದು ಒಂದನ್ನೂ ಎಳೆಯಬಾರದು. ನನ್ನ ಸ್ವಭಾವ ನೋಡಿಯೇ ಈ ಹುದ್ದೆ ಹುಟ್ಟಿಸಿದ್ದರೇನೋ. ನಮ್ಮದು ಕುರಿ ಕಾಯ್ದ ಮನೆತನ, ಸಂಬಳದ ಮುಖ ಕಂಡವನು ನಾನೇ ಮೊದಲಿಗ. "ಮಂದಿ ಕುರಿ ತ್ವಾಳಕ್ಕ ಅಂಜತಾವ, ನಮ್ಮವ ಕುರಿಗೇ ಅಂಜತಾನ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ.

ಬಾಡಿಗೆಗೆ ಕೋಣೆ ಸಿಕ್ಕಿದ್ದು ಜಿನ್ನಪ್ಪ ಎಂಬ ಜೈನ ಹಿರಿಯರ ಮನೆಯ ಹಿತ್ತಲಲ್ಲಿ. ಊರೆಲ್ಲ ಅವರನ್ನು ತಾತ್ಯಾ ಅನ್ನುತ್ತಿತ್ತು, ನಾನೂ ಅಂದೆ. ಎಪ್ಪತ್ತು ದಾಟಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವಲಕ್ಕಿ ಮಿಲ್ಲನ್ನು ಮಗ ಭರತೇಶಣ್ಣನಿಗೆ ಒಪ್ಪಿಸಿದ್ದರು. ಸೊಸೆ, ಮೊಮ್ಮಕ್ಕಳು, ಮಿಲ್ಲಿನ ಆಳುಗಳು ಅಂತ ಮನೆಯಲ್ಲಿ ದಿನವಿಡೀ ಗಲಗಲ. ಕೋಣೆ ಕೊಡುವಾಗ ತಾತ್ಯಾ ಬೆರಳು ಮಡಚಿ ಷರತ್ತು ಹೇಳಿದರು: "ಉಳ್ಳಾಗಡ್ಡಿ ಬ್ಯಾಡ. ಬಟಾಟಿ ಬ್ಯಾಡ. ಅದರ ಮುಂದಿನ ಮಾತಂತೂ ಎತ್ತಬ್ಯಾಡ್ರಿ. ಹೊತ್ತು ಮುಳಗೂದರಾಗ ಊಟ ಮಾಡಿದ್ರ ಸಂತೋಷ. ಮಾಡದಿದ್ರ ನಮ್ಮ ಕಣ್ಣಿಗೆ ಬೀಳಬ್ಯಾಡ್ರಿ."

ಆ ವರ್ಷದ ಚಾತುರ್ಮಾಸಕ್ಕೆ ಊರಿನ ಬಸದಿಯಲ್ಲಿ ಒಬ್ಬ ಮುನಿಗಳು ತಂಗಿದ್ದರು. ಅವರ ಮುಂದೆ ದಿಗ್ವ್ರತ ತೊಡಬೇಕೆಂದು ತಾತ್ಯಾ ಮನಸ್ಸು ಮಾಡಿದರು. ನನಗೆ ಆ ಶಬ್ದವೇ ಹೊಸದು. ತಾತ್ಯಾ ತಿಳಿಸಿ ಹೇಳಿದರು: ಮನುಷ್ಯ ದೂರ ಹೋದಷ್ಟೂ ಆಸೆ ಬೆಳೆಯುತ್ತದೆ, ಹಿಂಸೆಯೂ ಬೆಳೆಯುತ್ತದೆ. ಅದಕ್ಕೇ ಪ್ರತಿ ದಿಕ್ಕಿಗೂ ಒಂದು ಗಡಿ ಹಾಕಿಕೊಳ್ಳುವುದು. ಹೊಳೆಯೋ ಗುಡ್ಡವೋ ರಸ್ತೆಯೋ, ಎಲ್ಲರಿಗೂ ಗೊತ್ತಿರುವ ಗುರುತು ಬೇಕು. ಸಾಯುವ ತನಕ ಅದನ್ನು ದಾಟಕೂಡದು. ದಾಟಿದರೆ ದೋಷ, ಆಮೇಲೆ ಹಿಗ್ಗಿಸಿದರೂ ದೋಷ, ಎಲ್ಲಿ ಹಾಕಿದ್ದೆ ಎಂದು ಮರೆತರೆ ಅದೂ ದೋಷ.

ಮುನಿಗಳು ಅವಸರ ಬೇಡವೆಂದರಂತೆ. ಚಾತುರ್ಮಾಸ ಮುಗಿಯುವ ದೀಪಾವಳಿಗೆ ತೊಡಿರಿ, ಅಲ್ಲಿಯ ತನಕ ತಿರುಗಾಡಿ ನೋಡಿರಿ, ಆಮೇಲೆ ಪಶ್ಚಾತ್ತಾಪ ಪಡುವಂಥ ಗಡಿ ಹಾಕಿಕೊಳ್ಳಬೇಡಿರಿ.

ಮೂರು ದಿಕ್ಕು ಮನೆಯ ಕಟ್ಟೆಯ ಮೇಲೇ ತೀರ್ಮಾನವಾದವು. ಪೂರ್ವಕ್ಕೆ ನಂದಗಡ, ಅದು ತೀರಿಹೋದ ಹೆಂಡತಿಯ ತವರು. ದಕ್ಷಿಣಕ್ಕೆ ಲೋಂಡಾ, ಪಶ್ಚಿಮಕ್ಕೆ ಜಾಂಬೋಟಿ. ಮೇಲಕ್ಕೂ ಕೆಳಕ್ಕೂ ಗಡಿ ಬೇಕೆಂದಾಗ ನಾನು ತಬ್ಬಿಬ್ಬಾದೆ.

"ಮ್ಯಾಲಕ್ಕ ಎಷ್ಟು ತಾತ್ಯಾ?"

"ಮಿಲ್ಲಿನ ಮಾಳಿಗಿ ತನಕ ಸಾಕು. ವಿಮಾನ ಹತ್ತೂ ವಿಚಾರ ಸದ್ಯಕ್ಕಿಲ್ಲ."

ಉಳಿದದ್ದು ಉತ್ತರ. ಉತ್ತರಕ್ಕೆ ಬೆಳಗಾವಿ. ಊರು ದೊಡ್ಡದು, ಅದರಲ್ಲಿ ಎಲ್ಲಿ ನಿಲ್ಲುವುದು? ತಾತ್ಯಾ ಇದನ್ನು ಬಹಳ ಸಹಜವಾಗಿ ಕೇಳಿದರು. ಸಹಜವಾಗಿ ಕೇಳಲು ಅವರಿಗೆಷ್ಟು ಕಷ್ಟವಾಯಿತೆಂಬುದು ಮೊದಲ ಆದಿತ್ಯವಾರವೇ ಗೊತ್ತಾಯಿತು. ಪ್ಯಾಸೆಂಜರ್ ರೈಲು ಖಾನಾಪುರ ಬಿಟ್ಟ ಮೇಲೆ, ಕಿಟಕಿಯಾಚೆಯ ಗದ್ದೆ ನೋಡುತ್ತ ಅವರೇ ಹೇಳಿದರು.

"ನನಗೊಬ್ಬಾಕಿ ಮಗಳದಾಳ, ಸುನಂದಾ. ಭರತೇಶನಕಿಂತ ದೊಡ್ಡಾಕಿ. ಆಟೋ ನಗರದಾಗ ಇರ್ತಾಳ. ಗಂಡ ಟ್ರಕ್ಕಿಗೆ ಬಣ್ಣಾ ಹೊಡೀತಾನ. ನಮ್ಮವರಲ್ಲ. ಲಗ್ನಾ ಮಾಡ್ಕೊಂಡ ದಿವಸ ನಿನ್ನ ಹೊಸ್ತಿಲಾ ತುಳಿಯೂದಿಲ್ಲ ಅಂದಬಿಟ್ನಿ. ಆರು ವರ್ಷಾತು."

ನನಗೆ ಇಷ್ಟಂತೂ ತಿಳಿಯಿತು: ಉತ್ತರದ ಗೆರೆ ಆ ಮನೆಯಿಂದೀಚೆ ಬಿತ್ತೋ, ಸಿಟ್ಟಿನಲ್ಲಿ ಆಡಿದ ಮಾತು ವ್ರತವಾಗಿ ಗಟ್ಟಿಯಾಗುತ್ತದೆ. ಆಚೆ ಬಿತ್ತೋ, ಎಂದಾದರೂ ಒಂದು ದಿನ ಹೋಗಬಹುದು. ನಾನು ನಕಾಶೆಯವನಾದ್ದರಿಂದ ಜೊತೆಗೆ ನಾನು. ತಾತ್ಯಾ ಇಟ್ಟ ಹೆಸರು "ನಕಾಶಿ ಮಾಸ್ತರ."

ಹೊರಡುವ ಮುಂಚೆ ಭರತೇಶಣ್ಣ ನನ್ನನ್ನು ಬಾಜೂಕ್ಕೆ ಕರೆದಿದ್ದ. ದಪ್ಪ ಮೀಸೆ, ತೂಗಿ ಕೊಡುವಂಥ ಮಾತು. "ತಾತ್ಯಾರ ಎದಿ ವೀಕ್ ಐತಿ. ಭಾಳ ದೂರ ಒಯ್ಯಬ್ಯಾಡ್ರಿ" ಅಂದಿದ್ದ. ಅಷ್ಟೇ. ಆ ಮನೆಯಲ್ಲಿ ಸುನಂದಾ ಎಂಬ ಹೆಸರನ್ನು ಯಾರೂ ಎತ್ತಿದ್ದು ನಾನು ಕೇಳಿರಲಿಲ್ಲ. "ಭಾಳ ದೂರ" ಎಂದರೆ ಯಾವುದು ಎಂದು ನಾನೇ ಲೆಕ್ಕ ಹಾಕಿ, ಕೋಣೆ ಖಾಲಿ ಮಾಡಿಸಿದರೆ ಮುಂದೆ ಎಲ್ಲಿ ಎಂಬಲ್ಲಿಗೆ ಮುಟ್ಟಿದ್ದೆ.

ಹೀಗೆ ಆ ಮಳೆಗಾಲದ ಆದಿತ್ಯವಾರಗಳು ಬೆಳಗಾವಿಯಲ್ಲಿ ಕಳೆದವು. ತಾತ್ಯಾರ ಜೊತೆ ಊರು ನೋಡುವುದಕ್ಕೆ ಅದರದೇ ಕಟ್ಟಳೆ ಇತ್ತು. ಮಳೆಗಾಲದಲ್ಲಿ ಹಸಿರು ತುಳಿಯುವಂತಿಲ್ಲ, ಹುಲ್ಲಿನಲ್ಲಿ ಜೀವಗಳಿರುತ್ತವೆ. ಆದ್ದರಿಂದ ಹುಲ್ಲು ಎದ್ದ ಫುಟ್‌ಪಾತ್ ಕಂಡೊಡನೆ ನಾವು ತಿರುಗಿ ಡಾಂಬರಿರುವ ಇನ್ನೊಂದು ಓಣಿ ಹಿಡಿಯಬೇಕು. ಹತ್ತು ನಿಮಿಷದ ದಾರಿ ಒಂದು ತಾಸು. ಹೊಟೇಲಿನ ನೀರೂ ಮುಟ್ಟುವುದಿಲ್ಲ. ಬಾಯಿಗೆ ಬಟ್ಟೆ ಕಟ್ಟಿದ ಹಿತ್ತಾಳೆ ತಂಬಿಗೆ, ರೊಟ್ಟಿ, ಶೇಂಗಾ ಹಿಂಡಿ ಚೀಲದಲ್ಲಿ. ಸಂಜೆಯ ಗಾಡಿ ಹಿಡಿದು ಹೊತ್ತು ಮುಳುಗುವುದರೊಳಗೆ ಅವರು ಮನೆಯಲ್ಲಿ ಊಟಕ್ಕೆ ಕೂತಿರಬೇಕು. ಆಷಾಢದ ಮೋಡದಲ್ಲಿ ಹೊತ್ತು ಮೂಡಿದ್ದೇ ಗೊತ್ತಾಗದು, ಮುಳುಗಿದ್ದು ಎಲ್ಲಿ ಗೊತ್ತಾಗಬೇಕು? ಗಡಿಯಾರ ನೋಡುವ ಕೆಲಸ ನನ್ನದು. ನೋಡಿ ನೋಡಿ ಅದರ ಗಾಜು ಸವೆಯದಿದ್ದದ್ದು ಆಶ್ಚರ್ಯ.

ಹುಲ್ಲಿಗೆ ಹೆದರಿ ಓಣಿ ಬದಲಿಸಿದ್ದರಿಂದಲೇ ನಾವು ಕಂಡದ್ದೆಲ್ಲ ಕಂಡದ್ದು. ಕ್ಯಾಂಪಿನಲ್ಲಿ ಹಾಗೆ ತಿರುಗುವಾಗ ಒಂದು ಸಣ್ಣ ಅಂಗಡಿ ಸಿಕ್ಕಿತು. ಒಳಗೆ ಒಬ್ಬ ಮುದುಕ ದರ್ಜಿ ಸೈನಿಕರ ಸಮವಸ್ತ್ರಕ್ಕೆ ಬಿಲ್ಲೆ, ಪಟ್ಟಿ ಹೊಲಿಯುತ್ತಿದ್ದ. ನಲವತ್ತು ವರ್ಷ ಇದೊಂದೇ ಕೆಲಸವಂತೆ. ತಾತ್ಯಾ ಹೊರಗೇ ನಿಂತು ಕೇಳಿದರು, "ನೌಕರಿ ಬಿಟ್ಟವರು ಬರ್ತಾರೇನ್ರಿ ನಿಮ್ಮಲ್ಲಿ?"

"ಬರ್ತಾರಲ್ರಿ, ಬಿಚ್ಚಸ್ಕೊಳ್ಳಾಕ" ಅಂದ ದರ್ಜಿ. "ಹಚ್ಚೂದಕಿಂತ ಬಿಚ್ಚೂದ ಮುಶ್ಕಿಲ್ ಐತಿ ಸಾಹೇಬ. ದಾರ ಬರ್ತೈತಿ, ತೂತು ಹಂಗೇ ಉಳೀತಾವ."

ತಾತ್ಯಾ ಆ ಮಾತನ್ನು ಇಡೀ ದಿನ ಅಗಿಯುತ್ತಿದ್ದರು. ಗಾಡಿಯಲ್ಲಿ ಕೂತ ಮೇಲೂ ಒಮ್ಮೆ, "ತೂತು ಉಳೀತಾವಂತ" ಅಂದರು.

ಇನ್ನೊಂದು ಆದಿತ್ಯವಾರ ಮಳೆ ಜೋರಾಗಿ ಒಂದು ಕಮಾನಿನಡಿ ನಿಂತೆವು. ನಿಂತ ಮೇಲೆ ಗೊತ್ತಾಯಿತು, ಅದು ಇಂಗ್ಲಿಷರ ಹಳೆಯ ಸ್ಮಶಾನದ ಬಾಗಿಲು. ಒಳಗಿನ ಕಲ್ಲಿನ ಹಾದಿಯ ಮೇಲಷ್ಟೇ ನಡೆದು ಕಲ್ಲುಗಳ ಮೇಲಿನ ಬರಹ ಓದಿ ಹೇಳಿದೆ. ಬಹಳಷ್ಟು ಎಳೆ ಮಕ್ಕಳವು. ಒಂದು ಏಳು ತಿಂಗಳದ್ದು, ಇನ್ನೊಂದು ಹನ್ನೊಂದು ದಿನದ್ದು. ತಾತ್ಯಾ ಕೊಡೆಯನ್ನು ಒಂದು ಸಣ್ಣ ಕಲ್ಲಿನ ಮೇಲೆ ಹಿಡಿದು ನಿಂತರು, ತಾವು ನೆನೆಯುತ್ತಿದ್ದರು. "ಎಲ್ಲಿಂದೆಲ್ಲಿಗೆ ಬಂದ್ರು ನೋಡ್ರಿ ಮಾಸ್ತರ. ದಿಕ್ಕಿಗೆ ಗಡಿ ಹಾಕ್ಕೊಳ್ಳದ ಮಂದಿ" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಹಾಕ್ಕೊಂಡವರದರೆ ಏನು ಸುಖ ಐತಿ" ಅಂತಲೂ ಅಂದರು.

ಒಮ್ಮೆ ಪೇಟೆಯ ಓಣಿಗಳಲ್ಲಿ ನಾನು ದಾರಿ ತಪ್ಪಿಸಿ ಗಾಡಿ ಹೋಗಿಬಿಟ್ಟಿತು. ನಕಾಶೆ ಬರೆಯುವವನಿಗೆ ದಾರಿ ಗೊತ್ತಿರುತ್ತದೆಂಬುದು ಜನರ ತಪ್ಪು ಕಲ್ಪನೆ. ಆ ದಿನ ಅವರು ಬರಿಹೊಟ್ಟೆಯಲ್ಲಿ ಮಲಗಬೇಕಾಯಿತು. ಊರಿಗೆ ಹೋಗುವ ಬಸ್ಸು ಕಾಯುತ್ತಿದ್ದಾಗ ನಾನು ಬಸ್‌ಸ್ಟ್ಯಾಂಡಿನ ಹಿಂದೆ ಹೋಗಿ ಎರಡು ಆಲೂಬೋಂಡಾ ನುಂಗಿ, ಬಾಯಿ ಮುಕ್ಕಳಿಸಿ, ಸೋಂಪು ಜಗಿದು ಬಂದು ಪಕ್ಕದಲ್ಲಿ ಕೂತೆ.

"ನೆಲದಾಗಿಂದು ತಿಂದು ಬಂದ್ರೇನು?" ಅಂದರು ತಾತ್ಯಾ, ಕಣ್ಣು ತೆರೆಯದೆ.

"ಇಲ್ರಿ ತಾತ್ಯಾ…"

"ಸುಳ್ಳೊಂದು, ಬಟಾಟಿ ಒಂದು. ಎರಡೂ ಯಾಕ್ರಿ? ಒಂದರೆ ಬಿಡ್ರಿ."

ಪ್ರತಿ ವಾರ ನಾವು ಸ್ವಲ್ಪ ಸ್ವಲ್ಪ ಉತ್ತರಕ್ಕೆ ಸರಿಯುತ್ತಿದ್ದೆವು. ಸ್ಟೇಷನ್, ಕ್ಯಾಂಪು, ಪೇಟೆ, ಕೆರೆ. ಭಾದ್ರಪದದ ಹೊತ್ತಿಗೆ ಕೋಟೆಯೊಳಗಿನ ಬಸದಿಗೆ ಬಂದೆವು. ಇನ್ನು ಇಲ್ಲಿಗೇ ನಿಲ್ಲುತ್ತಾರೆ ಅಂದುಕೊಂಡೆ. ದರ್ಶನ ಮುಗಿಸಿ ಹೊರಬಂದು, "ಇದರಾಚೆ ಏನೈತಿ?" ಅಂದರು. ಏನಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಹೈವೇ. ಅದನ್ನು ದಾಟಿ ಸ್ವಲ್ಪ ನಡೆದರೆ ಆಟೋ ನಗರ.

ಹೈವೇ ಬದಿಗೆ ಒಂದು ಅಗಲ ಕಲ್ಲಿತ್ತು. ತಾತ್ಯಾ ಅದರ ಮೇಲೆ ಟವೆಲ್ ಹಾಸಿ ಕೂತರು. ನೀರು ಚಿಮ್ಮಿಸುತ್ತ ಟ್ರಕ್ಕುಗಳು ಹೋಗುತ್ತಿದ್ದವು. ಅವರಿಗೆ ಶೀತವಾದರೆ, ಕಲ್ಲು ಜಾರಿದರೆ, ಟ್ರಕ್ಕು ಈ ಕಡೆ ವಾಲಿದರೆ ಎಂದು ನಾನು ಒಂದೊಂದಾಗಿ ಚಿಂತಿಸುತ್ತಿದ್ದಾಗ ಅವರು ಥಟ್ಟನೆ ನನ್ನ ಮೊಣಕೈ ಹಿಡಿದರು.

"ಆ ಗಾಡಿ ಹಿಂದ ನೋಡ್ರಿ."

ಹೊಸ ಟ್ರಕ್ಕು, ಆಗಷ್ಟೇ ಬಣ್ಣ ಕಂಡದ್ದು. ಹಿಂಬದಿಯ ಹಲಗೆಯ ಮೇಲೆ ಎಲ್ಲ ಟ್ರಕ್ಕಿನ ಹಾಗೆ ಹೂವು ಬಳ್ಳಿ ಇರಲಿಲ್ಲ. ಬಿಳಿ ಬಣ್ಣದಲ್ಲಿ ಒಂದು ರಂಗೋಲಿ ಇತ್ತು. ಚುಕ್ಕಿಯಿಟ್ಟು, ಸುತ್ತ ಗೆರೆ ಬಳಸಿ, ನಾಲ್ಕು ಮೂಲೆಗೂ ಒಂದೊಂದು ಕಮಲದ ಮೊಗ್ಗು.

"ನಮ್ಮಾಕಿ ಹಾಕತಿದ್ದಳು ಅದನ್ನ, ನಮ್ಮ ಬಾಗಲಾಗ. ನಂದಗಡದಿಂದ ತಂದದ್ದು. ಸುನಂದಾಗ ಕಲಿಸಿದ್ದಳು. ಮತ್ತ ಯಾರಿಗೂ ಬರೂದಿಲ್ಲ ಅದು."

ಟ್ರಕ್ಕು ತಿರುವಿನಲ್ಲಿ ಮರೆಯಾದ ಮೇಲೂ ಅವರು ಮೊಣಕೈ ಬಿಡಲಿಲ್ಲ. ಅಂದರೆ ಗಂಡ ಬಣ್ಣ ಹಚ್ಚುತ್ತಾನೆ, ರಂಗೋಲಿ ಇವಳು ಬರೆಯುತ್ತಾಳೆ.

ಅಲ್ಲಿಂದ ಮುಂದೆ ಊರು ನೋಡುವುದು ನಿಂತುಹೋಯಿತು. ಆದಿತ್ಯವಾರ ಗಾಡಿ ಇಳಿದರೆ ನೇರವಾಗಿ ಆ ಕಲ್ಲು. ತಾತ್ಯಾ ರೊಟ್ಟಿ ಬಿಚ್ಚುತ್ತಿದ್ದದ್ದೂ ಅಲ್ಲೇ. ಹೋಗುವ ಪ್ರತಿ ಟ್ರಕ್ಕಿನ ಬೆನ್ನು ನೋಡುತ್ತಿದ್ದರು. ಕೆಲವು ದಿನ ಮೂರು ಸಿಗುತ್ತಿದ್ದವು, ಕೆಲವು ದಿನ ಒಂದೂ ಇಲ್ಲ. ಸಿಕ್ಕ ದಿನ ರೈಲಿನಲ್ಲಿ ಎದುರು ಕೂತವರನ್ನು ಕೂಡ ಮಾತಾಡಿಸುತ್ತಿದ್ದರು.

ದೀಪಾವಳಿಗೆ ಮುಂಚಿನ ಕೊನೆಯ ಆದಿತ್ಯವಾರ. ಮಳೆ ಹಿಂದಾಗಿ ಬಿಸಿಲು ಬಿದ್ದಿತ್ತು. ನನ್ನ ಚೀಲದಲ್ಲಿ ಅವರಿಗಾಗಿ ಬರೆದ ನಕಾಶೆ, ಮೂರು ದಿಕ್ಕಿಗೆ ಕೆಂಪು ಗೆರೆ ಬಿದ್ದದ್ದು. ಕಲ್ಲಿನ ಮೇಲೆ ಕೂತು ತಾತ್ಯಾ ಕೇಳಿದರು.

"ನಕಾಶಿ ಮಾಸ್ತರ, ಉತ್ತರಕ್ಕ ಎಲ್ಲಿ ನಿಲ್ಲಸೂಣು?"

"ನಿಮ್ಮ ಮನಸ್ಸು ತಾತ್ಯಾ."

"ನನ್ನ ಮನಸ್ಸು ತಗೊಂಡು ಏನ್ ಮಾಡ್ತೀರಿ? ಅದು ಆರು ವರ್ಷದಿಂದ ಕೆಟ್ಟೈತಿ. ನೀವು ಗೆರಿ ಎಳಿಯವರು. ನೀವು ಹೇಳ್ರಿ, ನಾ ಹೂಂ ಅಂತೀನಿ."

ಇದಕ್ಕಿಂತ ಬಿಡಿಸಿ ಒಬ್ಬ ಮನುಷ್ಯ ಏನು ಕೇಳಬೇಕು? ತನ್ನ ಮಾತನ್ನು ತಾನೇ ಮುರಿಯಲಾರದವರು ನನ್ನ ಕೈಯಿಂದ ಮುರಿಸಲು ಬಂದಿದ್ದರು. ಆಟೋ ನಗರ ಕಳೆದು ಯಾವುದಾದರೂ ಮರ, ಯಾವುದಾದರೂ ಹಳ್ಳ, ಒಂದು ಹೆಸರು ನನ್ನ ಬಾಯಿಂದ ಬಿದ್ದಿದ್ದರೆ ಸಾಕಿತ್ತು. ನನಗೆ ಕಂಡದ್ದು ಭರತೇಶಣ್ಣನ ಮೀಸೆ. ಮಗಳ ಮನೆಯ ಬಾಗಿಲಲ್ಲಿ ತಾತ್ಯಾ ಎದೆ ಹಿಡಿದುಕೊಂಡು ಕುಸಿಯುವುದು, ಊರವರು ನನ್ನನ್ನು ಕೇಳುವುದು, ನನ್ನ ಟ್ರಂಕು ಬೀದಿಗೆ ಬೀಳುವುದು, ಎಲ್ಲ ಒಂದರ ಹಿಂದೆ ಒಂದು ಕಂಡಿತು.

"ಹೈವೇ ಛಲೋ ರೀ ತಾತ್ಯಾ" ಅಂದೆ. "ಎಲ್ಲಾರಿಗೂ ಗೊತ್ತಿರೂ ಗುರುತು. ಅಳಿಸಿ ಹೋಗೂದಿಲ್ಲ. ಮರಿಯೂದೂ ಇಲ್ಲ."

ಅವರು ನನ್ನನ್ನು ನೋಡಿದರು. ಬಹಳ ಹೊತ್ತು ನೋಡಲಿಲ್ಲ, ನೋಡಿದ್ದರೆ ನಾನು ಮಾತು ಹಿಂದೆ ತೆಗೆದುಕೊಳ್ಳುತ್ತಿದ್ದೆನೇನೋ. "ಹೈವೇ" ಅಂದರು. "ಖರೇ. ಮರಿಯೂದಿಲ್ಲ." ಟವೆಲ್ ಝಾಡಿಸಿ ಎದ್ದರು.

ವ್ರತಕ್ಕೆ ಇನ್ನೂ ಮೂರು ದಿನ ಇತ್ತು. ಎರಡನೆಯ ದಿನ ಬೆಳಿಗ್ಗೆ, ತಪ್ಪಾಯಿತು ತಾತ್ಯಾ, ಗೆರೆ ಇನ್ನೂ ಆಚೆ ಹಾಕೋಣ ಅನ್ನಲು ಮುಂಬಾಗಿಲಿಗೆ ಹೋದೆ. ಕಟ್ಟೆಯ ಮೇಲೆ ಭರತೇಶಣ್ಣ ಪೇಪರ್ ಓದುತ್ತಿದ್ದ. "ಏನ್ರಿ?" ಅಂದ.

"ನಳದಾಗ ನೀರು ಬರವಲ್ದು" ಅಂದೆ.

ನಳ ಚೆನ್ನಾಗಿಯೇ ಬರುತ್ತಿತ್ತು. ಅವನು ಪೇಪರ್ ಮಡಚಿಟ್ಟು, ಹಿತ್ತಲಿಗೆ ಬಂದು, ತಿರುಗಿಸಿ ನೋಡಿ, ನನ್ನ ಮುಖವನ್ನೂ ನೋಡಿ, ಮತ್ತೆ ಪೇಪರಿಗೆ ಹೋದ.

ವ್ರತವಾಯಿತು. ನನ್ನ ನಕಾಶೆ ನೋಡಿ ಮುನಿಗಳು ನಕ್ಕು, ಇದು ಹಾಳೆಯ ಮೇಲಿರುವುದಲ್ಲ, ನೆನಪಿನಲ್ಲಿರುವುದು ಎಂದು ತಿರುಗಿ ಕೊಟ್ಟರು. ತಾತ್ಯಾ ಎಲ್ಲರೆದುರು ದಿಕ್ಕುಗಳನ್ನು ಹೇಳಿದರು. "ಉತ್ತರಕ್ಕ ಬೆಳಗಾಂವಿ ಹೈವೇ ತನಕ" ಎಂಬಲ್ಲಿ ಅವರ ದನಿ ನಡುಗಲಿಲ್ಲ. ಹಿಂದಿನ ಸಾಲಿನಲ್ಲಿ ಕೂತ ನಾನು ನಕಾಶೆಯನ್ನು ಇನ್ನೊಂದು ಮಡಿಕೆ ಮಡಚಿದೆ.

ಆದಿತ್ಯವಾರಗಳು ಮುಂದುವರಿದವು. ಹೈವೇ ತನಕ ಅಡ್ಡಿಯಿರಲಿಲ್ಲವಲ್ಲ. ಚಳಿಗಾಲದಲ್ಲಿ ನಮ್ಮ ಕಚೇರಿಗೆ ಹೈವೇ ಅಗಲ ಮಾಡುವ ಸುದ್ದಿ ಬಂತು. ನಾನು ಕುಣಿಯುವುದೊಂದು ಬಾಕಿ. "ತಾತ್ಯಾ, ರಸ್ತೆ ಆ ಕಡೆ ಸರೀತೈತಂತ. ಆಗ ನಿಮ್ಮ ಗಡಿನೂ ಸರೀತದಲ್ಲ" ಅಂದೆ. ಅವರು ನಕ್ಕರು. "ರಸ್ತೆ ಸರದೀತು. ನಾ ಆಡಿದ್ದು ಸರೀತದೇನು?"

ಹೋಳಿ ಮುಗಿದ ಮೇಲೆ ಒಂದು ದಿನ ಕಚೇರಿ ಕೆಲಸಕ್ಕೆ ಬೆಳಗಾವಿಗೆ ಬಂದವನು, ಹೇಗೋ ಧೈರ್ಯ ಮಾಡಿ ಒಬ್ಬನೇ ಹೈವೇ ದಾಟಿದೆ. ಕೇಳುತ್ತ ಹೋದರೆ ಮನೆ ಸುಲಭವಾಗಿ ಸಿಕ್ಕಿತು. ಅಂಗಳದಲ್ಲೇ ಶೆಡ್ಡು, ಶೆಡ್ಡಿನಲ್ಲಿ ಟ್ರಕ್ಕು, ಟ್ರಕ್ಕಿನ ಹಿಂದೆ ಸ್ಟೂಲಿನ ಮೇಲೆ ಸುನಂದಕ್ಕ. ಕೈಯಲ್ಲಿ ಸಣ್ಣ ಬ್ರಶ್ಶು. ಮೂಗು, ಹಣೆ ಥೇಟು ತಾತ್ಯಾರದು. ಗಂಡ ಮಾರುತಿ "ಬರ್ರಿ, ಬರ್ರಿ, ಬಸಾ, ಕುಂದರ್ರಿ" ಎಂದು ಡಬ್ಬವೊಂದನ್ನು ಬೋರಲು ಹಾಕಿ ಒರೆಸಿ ಕೊಟ್ಟ.

ಎಲ್ಲ ಹೇಳಿದೆ. ವ್ರತ, ನಾಲ್ಕು ದಿಕ್ಕು, ಕಲ್ಲು, ಆದಿತ್ಯವಾರ, ರಂಗೋಲಿ. ನೀವೇ ಒಂದು ಸಲ ಕಲ್ಲಿನ ತನಕ ಬಂದುಬಿಡಿ ಎಂದು ಬೇಡಿಕೊಂಡೆ. ಸುನಂದಕ್ಕ ಬ್ರಶ್ಶು ಕೆಳಗಿಡದೆ ಕೇಳಿಸಿಕೊಂಡರು.

"ಅಂದ್ರ ಇಲ್ಲಿ ತನಕ ಬಂದು, ನಮ್ಮನಿ ಬಿಟ್ಟು ಗೆರಿ ಹೊಡದಾರ" ಅಂದರು. "ಖಾನಾಪುರದಾಗ ಕುಂತು ಹೊಡದಿದ್ರ ಅಷ್ಟು ಅನಸ್ತಿದ್ದಿಲ್ಲ. ಇಷ್ಟು ಹತ್ರ ಬಂದು, ನೋಡಿ, ಅಳದು ಹೊಡದಾರ. ನಾ ಯಾಕ ಬರ್ಲಿ?"

ಆಗ ಹೇಳಬೇಕಿತ್ತು. ಆ ಗೆರೆ ಅವರದಲ್ಲ ಅಕ್ಕಾ, ನನ್ನದು. ಬಾಯಿ ತೆರೆದೆ. ಮಾರುತಿ ಚಹಾ ತಂದ. ಚಹಾ ಕುಡಿದೆ.

ಆದರೂ ಏನೋ ಆಗಿತ್ತು. ಎರಡು ವಾರದ ಮೇಲೆ ಕಲ್ಲಿನ ಮೇಲೆ ಕೂತ ತಾತ್ಯಾ, "ಮೊಗ್ಗು ಅರಳ್ಯಾವ ನೋಡ್ರಿ" ಅಂದರು. ಹೌದು, ರಂಗೋಲಿಯ ನಾಲ್ಕು ಮೂಲೆಯಲ್ಲೂ ಮೊಗ್ಗಿದ್ದಲ್ಲಿ ಈಗ ಅರಳಿದ ಕಮಲ. ಹಾಗೆ ಬರೆದದ್ದು ಯಾಕೆಂದು ನನಗೆ ಇಂದಿಗೂ ಗೊತ್ತಿಲ್ಲ. ಅವರಿಗೆ ಗೊತ್ತಾಗಿತ್ತು. "ಬರ್ತಾಳ" ಅಂದರು. "ಸ್ವಲ್ಪ ತಡಾ ಆದೀತು. ಹಟಾ ನನ್ನಂಗ." ಆಮೇಲೆ ಪ್ರತಿ ಆದಿತ್ಯವಾರ ಟ್ರಕ್ಕು ನೋಡುವುದರ ಜೊತೆಗೆ ಎದುರು ಬದಿಯಲ್ಲಿ ರಸ್ತೆ ದಾಟಲು ನಿಂತ ಹೆಂಗಸರನ್ನೂ ನೋಡುತ್ತಿದ್ದರು.

ಮತ್ತೆ ಆಷಾಢ ಬಂತು. ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಗೋಡೆಗೆ ಬೆನ್ನು ಆನಿಸಿ ಕೂತವರು ಹಾಗೇ ಹೋಗಿಬಿಟ್ಟರು.

ಭರತೇಶಣ್ಣ ನನ್ನ ಕೋಣೆಗೆ ಬಂದ. ಬಾಗಿಲ ಚೌಕಟ್ಟು ಹಿಡಿದು ನಿಂತು, "ತಾತ್ಯಾ ಹೋದ್ರು" ಅಂದ. ಮೀಸೆಯ ಕೆಳಗಿನ ತುಟಿ ಸ್ಥಿಮಿತದಲ್ಲಿರಲಿಲ್ಲ. "ಮಿಲ್ಲಿನ ಜೀಪ್ ನಿಂತೈತಿ. ಹೋಗಿ ಅಕ್ಕನ್ನ ಕರ್ಕೊಂಡು ಬರ್ರಿ. ಮನಿ ನಿಮಗ ಗೊತ್ತೈತಲ್ಲ."

ಚಪ್ಪಲಿ ಮೆಟ್ಟುತ್ತಿದ್ದವನು ತಲೆ ಎತ್ತಿದೆ.

"ಮಾರುತಿ ಪೇಟಿಯಾಗ ಸಿಕ್ಕಾಗ ಹೇಳ್ಯಾನ, ನೀವು ಹೋಗಿದ್ದು" ಅಂದ. "ವರ್ಷಾತು, ಪ್ರತಿ ಆದಿತ್ವಾರ ತಾತ್ಯಾರನ್ನ ನಿಮ್ಮ ಜೋ‌ಡಿ ಕಳಸೀನಿ. ಮಗಾ ಹೇಳಿದ್ರ ಹಟಕ್ಕ ಬೀಳ್ತಾರ, ಹೊರಗಿನವರು ಹೇಳಿದ್ರ ಕೇಳ್ತಾರ. ನೀವು ಹೆಂಗರೆ ಮಾಡಿ ದಾಟಸ್ತೀರಿ ಅಂತ ಮಾಡಿದ್ನಿ."

"ಭಾಳ ದೂರ ಬ್ಯಾಡ ಅಂದಿದ್ರಿ…"

"ನಡಿಯಾಕ್ರಿ!" ಅಂದ. "ನಡಸ್ಕೊಂಡು ಒಯ್ಯಬ್ಯಾಡ್ರಿ ಅಂದಿದ್ನಿ. ರಿಕ್ಷಾ ಇರಲಿಲ್ಲೇನು ಊರಾಗ?"

ಬೆಳಗಾವಿಯ ತನಕ ಮಳೆ. ಸುನಂದಕ್ಕನಿಗೆ ನಾನು ಹೇಳಬೇಕಾಗಲಿಲ್ಲ, ಜೀಪು ಕಂಡೊಡನೆ ಸ್ಟೂಲಿನಿಂದ ಇಳಿದರು. ಬೆರಳುಗಳಲ್ಲಿ ಬಿಳಿ ಬಣ್ಣ ಹಾಗೇ ಇತ್ತು. ಟರ್ಪೆಂಟೈನು ಹಚ್ಚಿ ತೊಳೆಯಲೂ ನಿಲ್ಲದೆ, ಸೆರಗು ಹೊದ್ದು ನನ್ನ ಪಕ್ಕ ಬಂದು ಕೂತರು. ಮಾರುತಿ ಮುಂದೆ ಕೂತ. ಅವರು ಅಳಲಿಲ್ಲ. ಓಣಿ ದಾಟುವ ತನಕ ಕೈಯ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದರು.

ಹೈವೇ ಬಾಯಿಗೆ ಬಂದು ಜೀಪು ನಿಂತಿತು. ಟ್ರಕ್ಕುಗಳ ಸಾಲು ಮುಗಿಯುವಂತೆಯೇ ಇರಲಿಲ್ಲ.

"ಯಾವ ಕಲ್ಲು?" ಅಂದರು ಸುನಂದಕ್ಕ.

ಎದುರು ಬದಿಗೆ ತೋರಿಸಿದೆ. ಮಳೆಯಲ್ಲಿ ತೊಯ್ದು ಕಪ್ಪಗಿತ್ತು. ಅವರು ನೋಡಿದರು. ಕಲ್ಲಿನಿಂದ ನಾವು ನಿಂತ ಜಾಗದ ತನಕ ಕಣ್ಣಲ್ಲೇ ಅಳೆದಂತೆ ಕಂಡಿತು. ಎಂಟು ತಿಂಗಳಿಂದ ಹೇಳದೆ ಉಳಿದದ್ದು ಆಗ ಹೊರಬಿತ್ತು.

"ಅಕ್ಕಾ, ಈ ಗೆರಿ ತಾತ್ಯಾ ಹೊಡದದ್ದಲ್ಲ. ನನ್ನ ಕೇಳಿದ್ರು ಎಲ್ಲಿ ಅಂತ. ಹೈವೇ ಅಂದವ ನಾನು. ಅವರಿಗೆ ನಿಮ್ಮ ಮನಿ ಗಡಿ ಒಳಗ ಬರಬೇಕಿತ್ತು. ನನಗ ಗೊತ್ತಿತ್ತು."

ಅವರು ತಿರುಗಿ ನನ್ನನ್ನು ನೋಡಿದರು. ಮುಂದಿನ ಸೀಟಿನಲ್ಲಿ ಮಾರುತಿಯ ಬೆನ್ನು ಸೆಟೆಯಿತು. ಸಿಟ್ಟು ಬರಲೆಂದು ನಾನು ಕಾಯುತ್ತಿದ್ದೆ, ಬಂದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತು. ಸಿಟ್ಟು ಬರಲಿಲ್ಲ.

"ಮತ್ತ ಯಾಕ ಹಂಗಂದ್ರಿ?"

"ಅಂಜಿದ್ನಿರಿ."

"ಯಾರಿಗೆ?"

ಭರತೇಶಣ್ಣನಿಗೆ ಎಂದು ನಾಲಿಗೆಯ ತುದಿಗೆ ಬಂತು. ಒಂದು ತಾಸಿನ ಹಿಂದೆ ಆ ಹೆಸರೂ ನನ್ನ ಕೈ ಬಿಟ್ಟುಹೋಗಿತ್ತು. ಬೇರೆ ಯಾರು? ಊರವರೇ, ಮುನಿಗಳೇ, ತಾತ್ಯಾರೇ? ಒಬ್ಬೊಬ್ಬರನ್ನೇ ಎದುರಿಗೆ ತಂದು ನಿಲ್ಲಿಸಿಕೊಂಡೆ. ಯಾರ ಮುಖದಲ್ಲೂ ಬೇಡ ಎಂಬುದಿರಲಿಲ್ಲ. ಸುನಂದಕ್ಕ ನನ್ನ ಬಾಯನ್ನೇ ನೋಡುತ್ತಿದ್ದರು, ಒಂದು ಹೆಸರು ಸಿಕ್ಕರೆ ಸಾಕೆಂಬಂತೆ.

ಕೊನೆಯ ಟ್ರಕ್ಕು ಹೋಯಿತು. ಡ್ರೈವರ್ ಗೇರು ಹಾಕಿದ. ಜೀಪು ಹೈವೇ ದಾಟಿತು. ಅರ್ಧ ನಿಮಿಷವೂ ಹಿಡಿಯಲಿಲ್ಲ.